ಕೀಮೋ ಮುಗಿದರೂ ಚೆಕಪ್ ಯಾಕೆ? ಮನೆಯವರಿಗೆ ಚಿತ್ರ ಬರೆದು ತೋರಿಸಿ

ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಿದ್ವಾಯಿಗೆ ಓಡಾಡಿ, ದೊಡ್ಡಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎಲ್ಲ ಮುಗಿಸಿದವರು ಕೆಲವರು 'ಸ್ಕ್ಯಾನ್ ಕ್ಲೀನ್ ಇದೆ, ಇನ್ಯಾಕೆ ಹೋಗೋದು, ಸುಮ್ನೆ ದುಡ್ಡು ದಂಡ' ಅನ್ನುತ್ತಾರೆ. ಬೈಯಬೇಡಿ. ಒಂದು ಹಾಳೆ, ಪೆನ್ನು ತಗೊಂಡು ಪಕ್ಕದಲ್ಲಿ ಕೂತುಕೊಳ್ಳಿ.

ಮೊದಲು ಕಿರಿದಾದ, ಆಳದ ಒಂದು ಗುಳಿ ಬರೆಯಿರಿ. ಕರುಳಿನ ಒಳಪದರದಲ್ಲಿ ಇಂಥವು ಲಕ್ಷಗಟ್ಟಲೆ ಇವೆ. ತಳದಲ್ಲಿ ನಾಲ್ಕಾರು ಸೊನ್ನೆ ಸುತ್ತಿ. ಅವೇ ಸ್ಟೆಮ್ ಸೆಲ್‌ಗಳು, ಅಂದರೆ ಒಡೆದು ಹೊಸ ಕೋಶ ಹುಟ್ಟಿಸುತ್ತಲೇ ಇರುವ ಮೂಲಕೋಶಗಳು. ಎಲ್‌ಜಿಆರ್5 ಅನ್ನೋ ಗುರುತು ಹಿಡಿದು ಇಲಿಯ ಕರುಳಲ್ಲಿ ಇವನ್ನು 2007ರಲ್ಲಿ ಪತ್ತೆ ಮಾಡಿದ್ದು ನೆದರ್ಲೆಂಡ್ಸ್‌ನ ಹಾನ್ಸ್ ಕ್ಲೆವರ್ಸ್ ತಂಡ.

ಈಗ ಮೇಲಕ್ಕೆ ಬಾಣ ಹಾಕಿ. ತಳದ ಕೋಶ ಒಡೆದು ಎರಡಾಗುತ್ತದೆ. ಮೇಲೆ ಸರಿದ ಮರಿಕೋಶಗಳು ಇನ್ನೊಂದಷ್ಟು ಸಲ ಒಡೆದು, ತಮ್ಮ ಕೆಲಸ ಮಾಡಿ, ನಾಲ್ಕೈದು ದಿನದಲ್ಲಿ ಉದುರುತ್ತವೆ. ತಳದಲ್ಲೇ ಉಳಿದವು ಸ್ಟೆಮ್ ಸೆಲ್ ಆಗಿಯೇ ಇರುತ್ತವೆ, ಯಾಕಂದರೆ 'ಒಡೆಯುತ್ತಲೇ ಇರು' ಅಂತ ಕೋಶಕ್ಕೆ ಹೇಳುವ ವಿಂಟ್ ಅನ್ನೋ ಸಂಕೇತ ಅಲ್ಲಿ ಜಾಸ್ತಿ.

ಒಂದು ಸೊನ್ನೆಗೆ ಅಡ್ಡಗೆರೆ ಎಳೆಯಿರಿ. ಅದರಲ್ಲಿ ಎಪಿಸಿ ಜೀನ್ ಕೆಟ್ಟಿದೆ. ವಿಂಟ್‌ಗೆ ಬ್ರೇಕ್ ಹಾಕುತ್ತಿದ್ದದ್ದು ಅದೇ. ಕೋಶ ಒಡೆಯುತ್ತಲೇ ಹೋಗಿ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಸಣ್ಣ ಗಂಟು ಆಗುತ್ತದೆ. ಎಲ್ಲ ಪಾಲಿಪ್ ಕ್ಯಾನ್ಸರ್ ಆಗಲ್ಲ, ಆಗುವುದಕ್ಕೂ ಸಾಮಾನ್ಯವಾಗಿ 10 ವರ್ಷ ಹಿಡಿಯುತ್ತದೆ.

ಮುಖ್ಯವಾದದ್ದು ಮುಂದಿದೆ. 5-ಎಫ್‌ಯು ಥರದ ಕೀಮೋ ಔಷಧಿ ಹೆಚ್ಚಾಗಿ ಹೊಡೆಯುವುದು ಬೇಗ ಬೇಗ ಒಡೆಯುವ ಕೋಶಗಳನ್ನು. ಗಡ್ಡೆಯೊಳಗಿನ ಕೆಲವು ಸ್ಟೆಮ್ ಸೆಲ್ ಥರದವು ಒಡೆಯದೆ ತೆಪ್ಪಗೆ ಕೂತು ತಪ್ಪಿಸಿಕೊಳ್ಳಬಹುದು, ಅಷ್ಟು ಸಣ್ಣದು ಯಾವ ಸ್ಕ್ಯಾನಿಗೂ ಕಾಣಲ್ಲ. ಮುಂದೆ ಎದ್ದು ಒಡೆದಾಗ ಎರಡೂ ಮರಿ ಸ್ಟೆಮ್ ಸೆಲ್ ಥರವೇ ಉಳಿದರೆ ಸಂಖ್ಯೆ ಏರುತ್ತದೆ. ಹೊಲದಲ್ಲಿ ಗರಿಕೆ ಬೇರು ಉಳಿದ ಹಾಗೆ ಅಂತ ಹೇಳಬಹುದು, ಆದರೆ ಪೂರ್ತಿ ಹೊಂದಲ್ಲ. 2017ರ ಪ್ರಯೋಗಗಳಲ್ಲಿ ಗಡ್ಡೆಯ ಎಲ್‌ಜಿಆರ್5 ಕೋಶಗಳನ್ನೇ ಕೊಂದು ನೋಡಿದರು. ಗಡ್ಡೆಯಲ್ಲಿ ಉಳಿದ ಬೇರೆ ಕ್ಯಾನ್ಸರ್ ಕೋಶಗಳೇ ಮತ್ತೆ ಸ್ಟೆಮ್ ಸೆಲ್‌ಗಳಾದವು! ಕಿಲಾಡಿ ಕಾಯಿಲೆ, ಅಲ್ವಾ?

ಹಾಳೆಯ ಹಿಂಬದಿಯಲ್ಲಿ ತಾರೀಕು ಬರೆದಿಡಿ. ಸಾಮಾನ್ಯವಾಗಿ ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ ಸಿಇಎ (ಕ್ಯಾನ್ಸರ್ ಮರಳಿದ ಸುಳಿವು ಕೊಡಬಲ್ಲ) ರಕ್ತಪರೀಕ್ಷೆ, ಆಪರೇಷನ್ ಆಗಿ ಒಂದು ವರ್ಷವಾದ ಮೇಲೆ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ಕರುಳಿನ ಒಳಗೆ ನೋಡುವುದು), ನಡುವೆ ಸಿಟಿ ಸ್ಕ್ಯಾನ್. ನಿಮ್ಮವರಿಗೆ ಯಾವುದು ಯಾವಾಗ ಅಂತ ಡಾಕ್ಟರೇ ಹೇಳಬೇಕು. ಮಲದಲ್ಲಿ ರಕ್ತ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ತಾರೀಕಿಗೆ ಕಾಯದೆ ಹೊರಡಿ, ಹಳೇ ರಿಪೋರ್ಟ್‌ಗಳ ಫೈಲ್ ಜೊತೆಗಿರಲಿ.