ಗಜನಿ ಜಾಗ ಕೊಳ್ಳುವ ಮುನ್ನ: ಯಾವ ಗೆರೆಯನ್ನು ಯಾರಿಂದ ಹಾಕಿಸಬೇಕು?

ಕುಮಟಾ ತಾಲೂಕಿನಲ್ಲಿ ನಾನು ಪರವಾನಗಿ ಭೂಮಾಪಕ. ಹೊಳೆ ಬದಿಯ ಗಜನಿ ಜಾಗ, ಅಂದರೆ ಕಟ್ಟೆ ಹಾಕಿ ಉಪ್ಪುನೀರು ತಡೆದ ತಗ್ಗು ಗದ್ದೆ, ನೋಡಿ ಬಂದವರೆಲ್ಲರ ಬೇಡಿಕೆ ಒಂದೇ: “ಸರ್ವೆಯರೇ, ಸಿಆರ್‌ಝಡ್ ಎಲ್ಲಿಯವರೆಗೆ ಬರುತ್ತದೆ ಎಂದು ಒಂದು ಗೆರೆ ಹಾಕಿ ಸಹಿ ಮಾಡಿಕೊಡಿ.” ಸಿಆರ್‌ಝಡ್ ಎಂದರೆ ಕಟ್ಟಡಗಳಿಗೆ ನಿರ್ಬಂಧವಿರುವ ಕರಾವಳಿ ನಿಯಂತ್ರಣ ವಲಯ. ಆ ಗೆರೆ ನಾನು ಹಾಕಿಕೊಡುವುದಿಲ್ಲ. ಬೇರೆ ಯಾರಾದರೂ ಮಾಡಿಕೊಟ್ಟರೆ ಆ ಕಾಗದಕ್ಕೆ ಹಣ ಕೊಡಬೇಡಿ.

ಕರ್ನಾಟಕ ಭೂ ಕಂದಾಯ ಕಾಯ್ದೆಯಡಿ ಪರೀಕ್ಷೆ, ತರಬೇತಿ ಮುಗಿಸಿ ನಾವು ಪಡೆದ ಪರವಾನಗಿ ಸರ್ವೆ ನಂಬರಿಗೆ ಸಂಬಂಧಿಸಿದ್ದು. 11ಇ ನಕ್ಷೆ (ಮಾರುವ ಮುನ್ನ ಜಮೀನಿನ ಭಾಗ ತೋರಿಸುವ ನಕ್ಷೆ), ಪೋಡಿ (ಸರ್ವೆ ನಂಬರಿನ ವಿಭಜನೆ), ಭೂ ಪರಿವರ್ತನೆಯ ನಕ್ಷೆ ಇಂಥವು ನಮ್ಮ ಕೆಲಸ. ನಿಮ್ಮ ಜಮೀನು ಎಲ್ಲಿ ಮುಗಿದು ಪಕ್ಕದವನದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಹೇಳಬಲ್ಲೆವು. ಉಪ್ಪುನೀರಿನ ಹಕ್ಕು ಎಲ್ಲಿಯವರೆಗೆ ಎಂದು ಹೇಳಲು ಖಾಸಗಿ ವ್ಯಕ್ತಿಗಳಿಗೆ ಪ್ರಮಾಣಪತ್ರ ಕೊಡುವ ಪದ್ಧತಿ ನಮ್ಮ ರಾಜ್ಯದಲ್ಲಿ ಇಲ್ಲ. ಅಮೆರಿಕದ ಮಿನೆಸೋಟಾ, ವರ್ಜೀನಿಯಾ, ನ್ಯೂ ಹ್ಯಾಂಪ್‌ಶೈರ್‌ನಂಥ ರಾಜ್ಯಗಳಲ್ಲಿ ಅಂಥದ್ದೊಂದು ಪದ್ಧತಿ ಇದೆ. ಅಲ್ಲಿ ಜೌಗು ಭೂಮಿಯ ಅಂಚು ಗುರುತಿಸುವುದು ಒಂದು ವೃತ್ತಿ, ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದು ಮಾಡುವಂಥದ್ದು. ಆದರೆ ಮಿನೆಸೋಟಾದಲ್ಲೂ ಖಾಸಗಿಯವನು ಹಾಕಿದ ಗೆರೆಯನ್ನು ಒಪ್ಪುವುದು, ಬಿಡುವುದು ಸ್ಥಳೀಯ ಆಡಳಿತಕ್ಕೆ ಬಿಟ್ಟದ್ದು. ನಮ್ಮಲ್ಲಿ ಭರತದ (ಸಮುದ್ರದ ನೀರು ಏರುವ ಉಬ್ಬರದ) ಗೆರೆಯನ್ನು ಅಧಿಕೃತವಾಗಿ ಗುರುತಿಸಿದ್ದು ಚೆನ್ನೈನ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ. ಅದನ್ನು ಆಧರಿಸಿದ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯೇ ಕೊನೆಯ ಮಾತು.

ಹಾಗಿದ್ದರೆ ನನ್ನಂಥವನಿಂದ ಏನು ಪ್ರಯೋಜನ? ಎರಡು ನಕ್ಷೆಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕಾದರೆ ಮೊದಲು ನಿಮ್ಮ ಜಾಗದ ಮೂಲೆಗಳು ಭೂಮಿಯ ಮೇಲೆ ಎಲ್ಲಿವೆ ಎಂಬುದು ಖಚಿತವಾಗಬೇಕು. ಗಜನಿಯಲ್ಲಿ ಇದು ಸುಲಭವಲ್ಲ. ಬಾಂದುಕಲ್ಲು (ಗಡಿಕಲ್ಲು) ಕೆಸರಿನಲ್ಲಿ ಹೂತಿರುತ್ತದೆ, ಇಲ್ಲವೇ ಕಟ್ಟೆ ದುರಸ್ತಿಯಲ್ಲಿ ಕಿತ್ತುಹೋಗಿರುತ್ತದೆ. ಪಹಣಿಯೊಂದನ್ನೇ ನಂಬಬೇಡಿ. ಟಿಪ್ಪಣಿ (ಮೂಲ ಅಳತೆಯ ಚಿತ್ರ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಗ್ರಾಮ ನಕ್ಷೆ ಮೂರರ ನಕಲನ್ನೂ ತಾಲೂಕಿನ ಭೂಮಾಪನ ಕಚೇರಿಯಿಂದ ಪಡೆಯಿರಿ. ಅಳತೆಗೆ ಅರ್ಜಿ ಹಾಕುವಾಗ ಭೂಮಾಪನ ಇಲಾಖೆಯ ಮೋಜಿಣಿ ಗಣಕ ವ್ಯವಸ್ಥೆಯಲ್ಲೇ ದಾಖಲಾಗಲಿ. ಕೈಯಲ್ಲಿ ದುಡ್ಡು ಕೊಟ್ಟು ಮಾಡಿಸಿದ ಅಳತೆ ನಿಮ್ಮ ಸಮಾಧಾನಕ್ಕೆ ಆದೀತು, ಕಚೇರಿಯಲ್ಲಿ ನಿಲ್ಲುವುದಿಲ್ಲ. ಬಂದವರ ಪರವಾನಗಿ ಸಂಖ್ಯೆ ಕೇಳಿ ಬರೆದುಕೊಳ್ಳಿ. ಕೇಳಿದರೆ ನಮಗೇನೂ ಬೇಸರವಿಲ್ಲ. ಬೇಸರ ತೋರಿಸುವವರ ಬಗ್ಗೆ ಎಚ್ಚರವಿರಲಿ. ಮೂಲೆಗಳ ಅಕ್ಷಾಂಶ, ರೇಖಾಂಶಗಳನ್ನು ಕೇಳಿ ಪಡೆಯಿರಿ, ಮುಂದೆ ಬೇಕಾಗುತ್ತವೆ.

ಇನ್ನು ಕಟ್ಟೆಯ ವಿಷಯ. ಅಘನಾಶಿನಿ ಅಳಿವೆಯ ಸುತ್ತ ಜಾಗ ನೋಡುವವರು ಎಡವುವುದು ಹೆಚ್ಚಾಗಿ ಇಲ್ಲೇ. ಸಿಆರ್‌ಝಡ್‌ನ 2019ರ ಅಧಿಸೂಚನೆಯ ಪ್ರಕಾರ ಭರತರೇಖೆ ಎಂದರೆ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದಲ್ಲಿ ನೀರು ನೆಲದ ಮೇಲೆ ಏರುವ ಅತಿ ಎತ್ತರದ ಗೆರೆ. ಆದರೆ 1991ರ ಫೆಬ್ರುವರಿ 19ಕ್ಕಿಂತ ಮೊದಲೇ ಕಟ್ಟಿದ ಕಟ್ಟೆ ಅಥವಾ ಜಂತ್ರಡಿ (ನೀರು ಬಿಡುವ, ತಡೆಯುವ ತೂಬಿನ ಬಾಗಿಲು) ಇದ್ದರೆ ಆ ಗೆರೆ ಕಟ್ಟೆಯ ಬಳಿಯೇ ನಿಲ್ಲುತ್ತದೆ, ಒಳಗಿನ ಗದ್ದೆಗೆ ನೀರು ಬರುತ್ತಿದ್ದರೂ ಸರಿ. ಆದ್ದರಿಂದ ಕಟ್ಟೆ ಯಾವ ಕಾಲದ್ದು ಎಂಬುದಕ್ಕೆ ಕಾಗದ ಹುಡುಕಿ. ಹಳೆಯ ಗ್ರಾಮ ನಕ್ಷೆಯಲ್ಲಿ ಗುರುತು ಸಿಗಬಹುದು. ಖಾರ್‌ಲ್ಯಾಂಡ್ ಕಟ್ಟೆಯಾಗಿದ್ದರೆ (ಉಪ್ಪುನೀರು ತಡೆಯಲು ಸರ್ಕಾರ ಹಾಕಿದ್ದು) ಸಣ್ಣ ನೀರಾವರಿ ಇಲಾಖೆಯಲ್ಲಿ ವಿಚಾರಿಸಿ. “ಅಜ್ಜನ ಕಾಲದ್ದು” ಎಂಬ ಮಾತನ್ನು ನಾನು ನಂಬುತ್ತೇನೆ, ಕಡತ ನಂಬುವುದಿಲ್ಲ.

ಇದನ್ನು ಕೇಳಿ ಹಿಗ್ಗುವ ಮೊದಲು ಅದೇ ನಿಯಮದ ಮುಂದಿನ ಭಾಗವನ್ನೂ ಓದಬೇಕು. ಕಟ್ಟೆ ಒಡೆದು ಉಪ್ಪುನೀರು ನುಗ್ಗಿ ಒಳಗೆ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆದಿದ್ದರೆ, ಅದು ಎಷ್ಟೇ ಚಿಕ್ಕ ಜಾಗವಾಗಿರಲಿ, ಸಿಆರ್‌ಝಡ್ 1ಎ, ಅಂದರೆ ಅತಿ ಕಟ್ಟುನಿಟ್ಟಿನ ವಲಯ. ಅಲ್ಲಿ ಕಟ್ಟಡದ ಆಸೆ ಬಿಡಬೇಕು. ಪಾಳುಬಿದ್ದ ಗಜನಿ ಅಗ್ಗಕ್ಕೆ ಸಿಗುತ್ತದೆ ಎಂದು ಹೇಳುವ ದಲ್ಲಾಳಿ ಈ ಭಾಗವನ್ನು ಹೇಳುವುದಿಲ್ಲ. ಪಕ್ಕದಲ್ಲಿ ಸರ್ಕಾರಿ ಜಾಗದ ಕಾಂಡ್ಲಾ ಕಾಡಿದ್ದರೂ ನೋಡಿಕೊಳ್ಳಿ. ಅದು 1000 ಚದರ ಮೀಟರಿಗಿಂತ (ಹತ್ತು ಗುಂಟೆಗೆ ತುಸು ಕಡಿಮೆ) ದೊಡ್ಡದಾದರೆ, ಅದರ ಅಂಚಿನಿಂದ 50 ಮೀಟರ್ ಕೂಡ 1ಎ ಆಗುತ್ತದೆ. ಆ 50 ಮೀಟರ್ ನಿಮ್ಮ ಬೇಲಿಯೊಳಗೆ ಬಂದು ನಿಂತಿರಬಹುದು.

ಭರತ ಏರಿಳಿಯುವ ಹೊಳೆ, ಕೋಡಿಗಳ (ಉಪ್ಪುನೀರು ಒಳಬರುವ ಕಿರುಹೊಳೆ) ದಡದಲ್ಲಿ ಭರತರೇಖೆಯಿಂದ 50 ಮೀಟರ್ ಅಥವಾ ಕೋಡಿಯ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟರವರೆಗೆ ನಿರ್ಬಂಧ. ಹೊಳೆಯಲ್ಲಿ ಎಷ್ಟು ಮೇಲಕ್ಕೆ ಈ ನಿಯಮ ಎಂಬುದನ್ನು ವರ್ಷದ ಅತಿ ಒಣ ದಿನಗಳಲ್ಲಿ ಅಳೆದ ಉಪ್ಪಿನಂಶ ಹೇಳುತ್ತದೆ: ಸಾವಿರದಲ್ಲಿ ಐದು ಭಾಗ ಎಲ್ಲಿಯವರೆಗೋ ಅಲ್ಲಿಯವರೆಗೆ. ಶಿರಸಿ, ಸಿದ್ದಾಪುರದ ಕಡೆಯ ಕೆರೆ, ಜಡ್ಡಿಗಳ (ಕಾಡಿನ ಜೌಗು) ಲೆಕ್ಕ ಬೇರೆ, ಅದಕ್ಕೆ ಅರಣ್ಯ ಕಾನೂನುಗಳೂ 2017ರ ಜೌಗು ಪ್ರದೇಶ ನಿಯಮಗಳೂ ಇವೆ. ಅದನ್ನು ಇಲ್ಲಿ ಬೆರೆಸುವುದಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ರಾಮ್ಸಾರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳದ್ದು) ಸೇರಿದಾಗ “ನಮ್ಮ ಜಾಗ ಸರ್ಕಾರಕ್ಕೆ ಹೋಯಿತೇ” ಎಂದು ಕೇಳಿದವರಿದ್ದರು. ಪಟ್ಟಿ ಸೇರಿದ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ.

ಕಾಗದ ಕೈಗೆ ಬಂದ ಮೇಲೆ ಜಾಗಕ್ಕೆ ಹೋಗಿ, ಒಂದು ಸಲ ನೋಡಿ ತೃಪ್ತರಾಗಬೇಡಿ. ಮಳೆಗಾಲದಲ್ಲಿ ಗಜನಿಯಲ್ಲಿ ಸಿಹಿನೀರು ನಿಂತು ಉಪ್ಪು ತಾಳುವ ಕಗ್ಗ ಭತ್ತ ತೂಗುತ್ತಿರುತ್ತದೆ. ಕೊಯ್ಲಾದ ಮೇಲೆ ಜಂತ್ರಡಿ ತೆಗೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆ ಸಿಗಡಿಯ ಕೊಳ. ಆಗಸ್ಟಿನಲ್ಲಿ ಬಂದವರು ಗದ್ದೆ ಎನ್ನುತ್ತಾರೆ, ಫೆಬ್ರುವರಿಯಲ್ಲಿ ಬಂದವರು ಹೊಳೆ ಎನ್ನುತ್ತಾರೆ. ಜಂತ್ರಡಿ ನೋಡಿಕೊಳ್ಳುವವರನ್ನು ಹಿಡಿದು ಮಾತನಾಡಿಸಿ. ಬಾಗಿಲು ಯಾವಾಗ ತೆಗೆಯುತ್ತಾರೆ, ಕಟ್ಟೆ ಎಲ್ಲಿ ಸೋರುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ನಕ್ಷೆಯೂ ಹೇಳುವುದಿಲ್ಲ.

ಅಮಾವಾಸ್ಯೆಯ ಮರುದಿನ, ಭರತ ಇಳಿಯಲು ಶುರುವಾದ ಮೇಲೆ ಕಟ್ಟೆಯ ಮೇಲೆ ನಡೆಯಿರಿ. ನೀರು ಬಿಟ್ಟುಹೋದ ಕಸದ ಪಟ್ಟಿ ಕಾಣುತ್ತದೆ: ಕಾಂಡ್ಲಾ ಎಲೆ, ತೆಂಗಿನ ಸಿಪ್ಪೆ, ಥರ್ಮೊಕೋಲಿನ ಚೂರು. ಚಿರೆಕಲ್ಲಿನ ಮೇಲೆ ಪಾಚಿಯ ಕಪ್ಪು ಎಲ್ಲಿಗೆ ನಿಂತಿದೆ ನೋಡಿ. ಗುದ್ದಲಿ ಒಯ್ದಿದ್ದರೆ ಮೊಣಕೈ ಆಳಕ್ಕೆ ಒಂದು ಗುಂಡಿ ತೋಡಿ. ವರ್ಷವಿಡೀ ನೀರು ಕುಡಿದ ನೆಲವಾದರೆ ಮಣ್ಣು ಬೂದು ಬಣ್ಣದ್ದು, ಬೆರಳಿಗೆ ಜಿಗುಟಾಗಿ ಅಂಟುತ್ತದೆ, ಮೂಗಿಗೆ ಹಿಡಿದರೆ ಕೊಳೆತ ಮೊಟ್ಟೆಯ ವಾಸನೆ. ಹೆಂಟೆಯನ್ನು ಮುರಿದು ನೋಡಿದರೆ ಬೂದು ಮಣ್ಣಿನ ನಡುವೆ ಬೇರು ಇಳಿದ ದಾರಿಯಲ್ಲಷ್ಟೇ ತುಕ್ಕಿನ ಕೆಂಪು ಎಳೆಗಳು. ಬೇರಿನ ಮೂಲಕ ಇಳಿದ ಗಾಳಿ ತಾಗಿದಲ್ಲಿ ಮಾತ್ರ ಮಣ್ಣಿನ ಕಬ್ಬಿಣ ತುಕ್ಕು ಹಿಡಿದಿರುತ್ತದೆ. ಅಮೆರಿಕದಲ್ಲಿ 1987ರ ಸೇನಾ ಎಂಜಿನಿಯರುಗಳ ಕೈಪಿಡಿ ಗಿಡ, ಮಣ್ಣು, ನೀರು ಮೂರರ ಸಾಕ್ಷಿಯನ್ನೂ ಕೇಳುತ್ತದೆ. ಮಣ್ಣಿನ ಬಣ್ಣವನ್ನು ಅಲ್ಲಿ ಬಣ್ಣದ ಚೀಟಿಗಳ ಪುಸ್ತಕಕ್ಕೆ ಹೋಲಿಸಿ ಬರೆದುಕೊಳ್ಳುತ್ತಾರೆ. ನಮ್ಮ ಕಾನೂನಿನಲ್ಲಿ ಈ ಗುಂಡಿಗೆ ಬೆಲೆ ಇಲ್ಲ, ಆದರೆ ಹಣ ಹಾಕುವವನಿಗೆ ಇದೆ. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಒಮ್ಮೆಲೇ ಬೂದು ಕೆಸರು ಬಂದರೆ ಯಾರೋ ಲಾರಿಯಲ್ಲಿ ಮಣ್ಣು ತಂದು ತುಂಬಿಸಿದ್ದಾರೆ ಎಂದರ್ಥ. ಅಂಥ ಜಾಗದಲ್ಲಿ ಗುಂಡಿ ತೋಡಲು ಮಾಲೀಕ ಒಪ್ಪದಿದ್ದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ಕೊನೆಗೆ ಕಾರವಾರ. ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಗೆ ನಿಮ್ಮ ಸರ್ವೆ ನಂಬರು, ಮೂಲೆಗಳ ಅಕ್ಷಾಂಶ, ರೇಖಾಂಶ, ಅಳತೆ ನಕ್ಷೆಯ ನಕಲು ಸೇರಿಸಿ, ಈ ಜಾಗ ಯಾವ ವಲಯದಲ್ಲಿ ಬರುತ್ತದೆ ಎಂದು ಲಿಖಿತವಾಗಿ ಕೇಳಿ. ಮನೆಗಿಂತ ದೊಡ್ಡದು, ರೆಸಾರ್ಟೋ ಮತ್ತೊಂದೋ ಮನಸ್ಸಿನಲ್ಲಿದ್ದರೆ ಕೇಂದ್ರ ಸರ್ಕಾರ ಗುರುತಿಸಿದ ಸಂಸ್ಥೆಯೊಂದರಿಂದ 1:4000 ಪ್ರಮಾಣದ ನಕ್ಷೆಯ ಮೇಲೆ ನಿಮ್ಮ ಯೋಜನೆಯನ್ನು ಕೂರಿಸಿ ತರಬೇಕಾಗುತ್ತದೆ. ಅದಕ್ಕೆ ಸಮಯ, ಹಣ ಎರಡೂ ಬೇಕು, ಮೊದಲೇ ಲೆಕ್ಕ ಹಾಕಿ.

ಈ ಉತ್ತರ ಬರುವ ತನಕ ಕ್ರಯ ಬೇಡ. ಮುಂಗಡ ಕೊಡಲೇಬೇಕಾದರೆ ಕರಾರುಪತ್ರದಲ್ಲಿ ಒಂದು ಷರತ್ತು ಬರೆಯಿಸಿ: ಜಾಗದ ಯಾವುದೇ ಭಾಗ 1ಎ ಎಂದು ಬಂದರೆ ಮುಂಗಡ ಪೂರ್ತಿ ವಾಪಸು. ಅದರೊಂದಿಗೆ ಅಳತೆ ನಕ್ಷೆಯ ಒಂದು ಪ್ರತಿಯನ್ನು ಲಗತ್ತಿಸಿ, ಇಬ್ಬರೂ ಅದರ ಮೇಲೆ ಸಹಿ ಮಾಡಿ.