ತಿಂಗಳಿಗೆ ಐದೈದು ಪೌಂಡ್ ಸೇರಿಸಿ ಸ್ಕೂಲ್ ಬೋಟ್ ಕ್ಲಬ್ ಉಳಿಸ್ಕೊಂಡಿದ್ದು: ನನ್ನ ಅನುಭವ

ನಮ್ಮದು ಇಂಗ್ಲೆಂಡಿನ ರೀಡಿಂಗ್ ಊರಿನ ಹತ್ರ ಥೇಮ್ಸ್ ನದಿ ದಡದ ಒಂದು ಸ್ಟೇಟ್ ಸ್ಕೂಲು, ಅಂದ್ರೆ ಸರ್ಕಾರಿ ಶಾಲೆ. ಫೀಸ್ ಇಲ್ಲ, ಹಾಗಾಗಿ ಮಕ್ಕಳು ರೋಯಿಂಗ್ (ಹುಟ್ಟು ಹಾಕೋ ರೇಸು) ಕಲಿಯೋ ಬೋಟ್ ಕ್ಲಬ್ಬಿಗೆ ಸ್ಕೂಲಿಂದ ಸಿಗೋದು ಒಬ್ಬ ಟೀಚರ್ ಟೈಮು, ಒಂದು ಮಿನಿಬಸ್ಸು, ಅಷ್ಟೇ. ಮಗಳು ಸೇರಿದ ವರ್ಷವೇ ನನ್ನನ್ನ ಖಜಾಂಚಿ ಮಾಡಿದ್ರು, ಆಗ ಖಾತೇಲಿ 1,000 ಚಿಲ್ಲರೆ ಪೌಂಡ್ ಇತ್ತು, ಶೆಡ್ಡಲ್ಲಿ ನೀರು ಕುಡಿದು ಭಾರ ಆಗಿದ್ದ ಎರಡು ಎಯ್ಟ್ (ಎಂಟು ಜನ ಹುಟ್ಟು ಹಾಕೋ ಬೋಟು). ಈಗ ಹಳೇ ವಿದ್ಯಾರ್ಥಿಗಳಿಂದ್ಲೇ ವರ್ಷಕ್ಕೆ ಹತ್ತಿರ ಹತ್ತಿರ 13,000 ಬರ್ತಿದೆ. ಐದೈದು ಪೌಂಡಲ್ಲಿ ನಟ್ಟು ಬೋಲ್ಟು ಬಿಟ್ರೆ ಇನ್ನೇನು ಬರತ್ತೆ ಅಂತ ಕಮಿಟೀಲಿ ಅಂದವರೇ ಈಗ ಬೇರೆ ಕ್ಲಬ್ಬಿನೋರಿಗೆ ಇದನ್ನ ವಿವರಿಸ್ತಿದಾರೆ, ಅದಕ್ಕೆ ನಾನೇ ಬರೆದುಬಿಡೋಣ ಅನ್ನಿಸ್ತು.

ಮೊದ್ಲು ಕೈಗೂಡದ ದಾರಿಗಳು. ರಿಯೂನಿಯನ್ ಡಿನ್ನರ್ ಮಾಡಿದ್ವಿ, ಹಾಲ್ ಬಾಡಿಗೆ, ಊಟ, ಇನ್ಶೂರೆನ್ಸ್ ಎಲ್ಲಾ ಕಳೆದು ಕೈಗೆ ಉಳಿದಿದ್ದು 600 ಪೌಂಡ್ ಆಸುಪಾಸು, ಅದಕ್ಕೆ ನಾಲ್ಕು ಜನ ಮೂರು ತಿಂಗಳು ಓಡಾಡಿದ್ರು. ಆಮೇಲೆ ಆನ್‌ಲೈನ್ ಕ್ರೌಡ್‌ಫಂಡಿಂಗ್, ಹೊಸ ಎಯ್ಟ್‌ಗೆ 35-40 ಸಾವಿರ ಬೇಕಿತ್ತು, 7,000ಕ್ಕೆ ನಿಂತೋಯ್ತು, ನೋಡಿದ್ರೆ ಕೊಟ್ಟವರು ಅದೇ ಇಪ್ಪತ್ತು ಮೂವತ್ತು ಜನ. ಇನ್ನೊಬ್ಬ ದೊಡ್ಡ ಕುಳ ಬೋಟಿಗೆ ತಮ್ಮ ಹೆಸರಿಡಿ ಪೂರ್ತಿ ದುಡ್ಡು ಕೊಡ್ತೀನಿ ಅಂದ್ರು. ಅವರನ್ನ ನಂಬ್ಕೊಂಡು ಎರಡು ಸೀಸನ್ ಬೇರೆ ಏನೂ ಮಾಡ್ಲಿಲ್ಲ, ಕೊನೆಗೆ ಒಂದು ಪೆನ್ನಿ ಕಾಸೂ ಬರ್ಲಿಲ್ಲ.

ನಮ್ಮಮ್ಮ ಹಾಸನದಲ್ಲಿ ಬೀದಿ ಹೆಂಗಸರ ಜೊತೆ ಚೀಟಿ ನಡೆಸ್ತಿದ್ರು. ದೊಡ್ಡ ಮೊತ್ತ ಯಾರನ್ನೂ ಕೇಳ್ತಿರ್ಲಿಲ್ಲ, ಆದ್ರೆ ತಿಂಗಳು ತಪ್ಪೋ ಹಾಗಿರ್ಲಿಲ್ಲ, ಗುಂಪಲ್ಲಿ ನಾಲ್ಕು ಜನಕ್ಕೆ ಹೇಳಿ ಕೇಳೋ ಗಟ್ಟಿ ಹೆಂಗಸು ಒಬ್ಬರು ಇದ್ರೆ ಸಾಕು, ಉಳಿದವರು ತಾವಾಗೇ ಕಟ್ತಿದ್ರು. ಅದನ್ನೇ ಇಲ್ಲಿ ತಂದೆ. ಒಂದೊಂದು ವರ್ಷದ ಎಯ್ಟ್ ತಂಡ (ಕ್ರೂ) ಒಂದೊಂದು ಗುಂಪು. ಆ ಗಟ್ಟಿ ಮನುಷ್ಯ ಯಾರು ಅಂದ್ರೆ ಕಾಕ್ಸ್, ಹುಟ್ಟು ಹಾಕದೆ ಬೋಟ್ ತಿರುಗಿಸ್ತಾ ಎಂಟೂ ಜನಕ್ಕೆ ಕೂಗಿ ಹೇಳೋರು! ಕ್ಯಾಪ್ಟನ್ ಅಲ್ಲ, ಎಲ್ಲರಿಗೂ ಲಯ ಕೊಡೋ ಸ್ಟ್ರೋಕ್ ಅಲ್ಲ. ಹದಿನೈದು ವರ್ಷ ಆದ್ಮೇಲೂ ಎಂಟೂ ಜನ ಎಲ್ಲಿದಾರೆ, ಯಾರಿಗೆ ಮದುವೆ ಆಯ್ತು, ಯಾರ ಹತ್ರ ಯಾರು ಮಾತಾಡಲ್ಲ, ಎಲ್ಲಾ ಕಾಕ್ಸ್‌ಗೆ ಗೊತ್ತಿರತ್ತೆ, ಅವರು ಹೇಳಿದ್ರೆ ಉಳಿದವರು ಈಗ್ಲೂ ಕೇಳ್ತಾರೆ. ನಾನು ಕಾಕ್ಸ್‌ಗೆ ಮಾತ್ರ ಫೋನ್ ಮಾಡ್ತೀನಿ. ಅವರು ತಮ್ಮ ಕ್ರೂಗೆ ಕಳಿಸೋ ಮೆಸೇಜ್ ನಾನೇ ಬರೆದುಕೊಡ್ತೀನಿ, ಮೂರೇ ಸಾಲು, ಅದನ್ನ ಇಲ್ಲಿ ಹಾಕಲ್ಲ, ಕ್ಷಮಿಸಿ.

ಇನ್ನೊಂದು, ಪ್ರತಿ ಕ್ರೂಗೂ ಒಂದು ಖರ್ಚು ಅಂಟಿಸಿಬಿಡಬೇಕು. ಒಂದು ಕ್ರೂ ಲಾಂಚ್ (ಕೋಚ್ ಹೋಗೋ ಮೋಟಾರ್ ಬೋಟು) ಪೆಟ್ರೋಲಿಗೆ, ಒಂದು ಬೋಟಿಗೇ ಜೋಡಿಸಿರೋ ಶೂಸ್ ಮತ್ತೆ ಸೀಟು ಜಾರೋ ಸ್ಲೈಡ್‌ಗೆ, ಒಂದು ಟ್ರೇಲರ್ ಟೈರಿಗೆ. ಕ್ಲಬ್ ಫಂಡ್ ಅಂತ ಬರೆದಾಗ ಐವತ್ತು ಜನಕ್ಕೆ ಮೂರು ಜನ ಉತ್ತರ ಕೊಟ್ಟಿದ್ರು, ಮೂರನೇ ಸೀಟಿನ ಶೂ ಹರಿದಿದೆ ಅಂತ ಫೋಟೋ ಹಾಕಿದ ದಿನ ಸಂಜೆಯೊಳಗೆ ಎಲ್ಲಾ ಎಂಟು ಜೊತೆಗೂ ದುಡ್ಡು ಬಂತು. ಈಗ 110 ಜನ ಸ್ಟ್ಯಾಂಡಿಂಗ್ ಆರ್ಡರ್ (ಬ್ಯಾಂಕಿಂದ ತಿಂಗಳು ತಿಂಗಳು ತಾನಾಗೇ ಹೋಗೋ ದುಡ್ಡು) ಹಾಕಿದಾರೆ, ಐದರಿಂದ ಇಪ್ಪತ್ತರವರೆಗೆ, ಸರಾಸರಿ 8 ಪೌಂಡ್ ಇರಬಹುದು.

ಗಿಫ್ಟ್ ಏಡ್ ಬಿಡಬೇಡಿ, ಅಂದ್ರೆ ದಾನಿ ಕಟ್ಟಿದ ಟ್ಯಾಕ್ಸಲ್ಲಿ ಒಂದು ಪಾಲನ್ನ ಸರ್ಕಾರ ಚಾರಿಟಿಗೆ ಕೊಡೋ ಸ್ಕೀಮು. ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ. ನಮ್ಮ ಸಪೋರ್ಟರ್ಸ್ ಅಸೋಸಿಯೇಷನ್ ಚಾರಿಟಿ ಆಗಿ ರಿಜಿಸ್ಟರ್ ಆಗಿತ್ತು, ಆದ್ರೂ ಯಾರೂ ಕ್ಲೇಮ್ ಮಾಡಿರ್ಲಿಲ್ಲ. ಹಿಂದಿನ ನಾಲ್ಕು ವರ್ಷದ ಡೊನೇಷನ್‌ಗೂ ದಾನಿಗಳಿಂದ ಡಿಕ್ಲರೇಷನ್ ತಗೋಬಹುದು, ಹಳೇ ಬ್ಯಾಂಕ್ ಸ್ಟೇಟ್‌ಮೆಂಟ್ ಕೆದಕಿ 1,800 ತರಿಸಿದೆ. ಸಿಂಗಪುರ, ದುಬೈನಲ್ಲಿದ್ದು ಇಲ್ಲಿ ಟ್ಯಾಕ್ಸ್ ಕಟ್ಟದವರದ್ದು ಸೇರಿಸಂಗಿಲ್ಲ. ಮಕ್ಕಳ ಕೋಚಿಂಗ್‌ಗೆ ನಾವು ಕಟ್ಟೋ ಸಬ್‌ಸ್ಕ್ರಿಪ್ಷನ್ನೂ ಅಷ್ಟೇ, ಅದು ದಾನ ಅಲ್ಲ.

ದುಡ್ಡು ಕೊಡಕ್ಕಾಗದವರು ಕೆಲಸಕ್ಕೆ ಕೈ ಜೋಡಿಸಿದ್ರು. ಥೇಮ್ಸ್‌ನಲ್ಲಿ ಚಳಿಗಾಲದಲ್ಲಿ ಲಾಕ್‌ಗಳಲ್ಲಿ (ಬೋಟು ದಾಟಿಸೋ ಗೇಟುಗಳು) ನೀರಿನ ಸೆಳೆತ ಜೋರು ಅಂತ ಎಚ್ಚರಿಸೋ ರೆಡ್ ಬೋರ್ಡ್ ಹಾಕಿದ ವಾರಗಳು ಮಕ್ಕಳು ಎರ್ಗೊ (ರೋಯಿಂಗ್ ಮೆಷಿನ್) ಮೇಲೆ, ಬೋಟು ಖಾಲಿ. ಆಗ ರಿಪೇರಿ. ಎರಡು ಪೆನ್ಸ್ ನಾಣ್ಯದಲ್ಲಿ ಬೋಟಿನ ಮೈ (ಹಲ್) ಉದ್ದಕ್ಕೂ ತಟ್ತಾ ಹೋಗಿ, ಟಣ್ ಅಂದ್ರೆ ಸರಿ, ಡಬ್ ಅಂದ್ರೆ ಒಳಗೆ ಪದರ ಬಿಟ್ಟಿದೆ, ಅಲ್ಲಿ ಪೆನ್ಸಿಲ್ ಗುರುತು. ಒಂದು ಎಯ್ಟ್‌ನ ಮುಂತುದಿ ಕಡೆ ಗುರುತಿನ ಜಾಗ ಕೊರೆದಾಗ ಕಂದು ಬಣ್ಣದ ನೀರು ಹತ್ತು ನಿಮಿಷ ತೊಟ್ಟಿಕ್ತು. ಅಂತಾರಾಷ್ಟ್ರೀಯ ನಿಯಮದಲ್ಲಿ ರೇಸಿಂಗ್ ಎಯ್ಟ್‌ಗೆ ಕನಿಷ್ಠ ತೂಕ 96 ಕೆಜಿ, ಇದು 110ರ ಹತ್ರ ಇತ್ತು, ಒಣಗಿಸಿ ಪ್ಯಾಚ್ ಹಾಕಿದ್ಮೇಲೆ 101ಕ್ಕೆ ಬಂತು. ಮೊದಲ ಸಲ ಎಪಾಕ್ಸಿ (ಪ್ಯಾಚ್ ಅಂಟಿಸೋ ರಾಳ) ಗಟ್ಟಿನೇ ಆಗ್ಲಿಲ್ಲ, ಶೆಡ್ಡಲ್ಲಿ ಐದಾರು ಡಿಗ್ರಿ, ಬೆಳಿಗ್ಗೆ ಮುಟ್ಟಿದ್ರೆ ಅಂಟು ಅಂಟು, ಪೂರ್ತಿ ಕೆರೆದು ತೆಗಿಬೇಕಾಯ್ತು. ಆಮೇಲೆ ಬೋಟಿನ ಸುತ್ತ ಪ್ಲಾಸ್ಟಿಕ್ ಶೀಟ್ ಟೆಂಟ್, ಒಳಗೆ ಆಯಿಲ್ ರೇಡಿಯೇಟರ್, 20 ಡಿಗ್ರಿ ಹಿಡಿದಿಟ್ವಿ. ಎಪಾಕ್ಸಿ ಮೇಲೆ ಮಾಮೂಲಿ ಜೆಲ್‌ಕೋಟ್ (ಬೋಟಿನ ಹೊರಗಿನ ಹೊಳಪಿನ ಲೇಪ) ಹಾಕಬೇಡಿ, ಸಿಪ್ಪೆ ಏಳತ್ತೆ, ಎರಡು ಡಬ್ಬಿ ಬೆರೆಸಿ ಹಚ್ಚೋ ಟೂ ಪ್ಯಾಕ್ ಪೇಂಟೇ ಸರಿ. ಫಿಲ್ಲರ್ ಮಿಕ್ಸ್ ನಮ್ಮ ಹಳೇ ವಿದ್ಯಾರ್ಥಿ ಒಬ್ಬರದ್ದು, ಅದು ಅವರ ಗುಟ್ಟು. ಒಟ್ಟು ಸಾಮಾನು 400 ಪೌಂಡ್ ಒಳಗೆ, ಹೊರಗಿನ ಎಸ್ಟಿಮೇಟ್ 3,000 ಮೇಲಿತ್ತು.

ಈ ನಡುವೆ, ಮುರಿದುಹೋಗಿದ್ದ ಹಳೇ ಮರದ ಬ್ಲೇಡ್‌ಗಳ (ಹುಟ್ಟುಗಳ) ತುದಿ ಕತ್ತರಿಸಿ, ಪಾಲಿಶ್ ಮಾಡಿ, ಆ ವರ್ಷದ ಕ್ರೂ ಹೆಸರು ಬರೆಸಿ ಮಾರಿ ನೋಡಿದ್ವಿ, 80 ಪೌಂಡ್‌ಗೆ ಒಂದರಂತೆ ಎಲ್ಲಾ ಹೋಯ್ತು, ಆದ್ರೆ ಬ್ಲೇಡೇ ಮುಗಿದೋಯ್ತು. ಇಪ್ಪತ್ನಾಲ್ಕು ಗಂಟೆ ಎರ್ಗೊ ರಿಲೇನೂ ಮಾಡಿದ್ವಿ, ದುಡ್ಡು ಸಾಧಾರಣ, ಆದ್ರೆ ಅಲ್ಲೇ ಮೂರು ಹೊಸ ಕಾಕ್ಸ್ ಸಿಕ್ಕಿದ್ರು.

ಹೋದ ವರ್ಷ 9,000ಕ್ಕೆ ಒಳ್ಳೆ ಸೆಕೆಂಡ್ ಹ್ಯಾಂಡ್ ಎಯ್ಟ್ ತಗೊಂಡ್ವಿ, ಸಾಲ ಇಲ್ಲದೆ. ಡಾರ್ನಿ ಲೇಕ್‌ನ ನ್ಯಾಷನಲ್ ಸ್ಕೂಲ್ಸ್ ರೆಗಾಟಾದಲ್ಲಿ (ಶಾಲೆಗಳ ರೋಯಿಂಗ್ ಪಂದ್ಯ) ನಮ್ಮ ಹುಡುಗೀರು ಬಿ ಫೈನಲ್, ಅಂದ್ರೆ ಎರಡನೇ ಹಂತದ ಫೈನಲ್ ಮುಟ್ಟಿದ್ರು, ಪಕ್ಕದ ಲೇನ್‌ಗಳಲ್ಲಿ ಎಲ್ಲಾ ಫೀಸ್ ಕಟ್ಟೋ ಸ್ಕೂಲುಗಳೇ. ದಡದಲ್ಲಿ ಹಳೇ ಕ್ರೂಗಳು ಸೈಕಲ್ ತುಳ್ಕೊಂಡು ಕೂಗಿದ್ದು ನನಗೆ ಇನ್ನೂ ಕಿವೀಲಿದೆ.

ಮುಂದಿನದು ಹದಿನಾಲ್ಕರೊಳಗಿನ ಮಕ್ಕಳಿಗೆ ಆಕ್ಟಪಲ್, ಎಂಟೂ ಜನ ಎರಡೆರಡು ಹುಟ್ಟು ಹಿಡಿಯೋ ಬೋಟು. 2009ರ ಕ್ರೂ ಹೊಣೆ ಹೊತ್ತಿದೆ, ಬಜೆಟ್ 6,000, ರಿಗ್ಗರ್ (ಹುಟ್ಟು ಸಿಕ್ಕಿಸೋ ಚೌಕಟ್ಟು) ಜೊತೆಗೇ ಇರಬೇಕು, ಟ್ರೇಲರ್‌ಗೆ ಎರಡು ತುಂಡಾಗಿ ಬಿಚ್ಚೋ ಹಾಗಿದ್ರೆ ಇನ್ನೂ ಒಳ್ಳೇದು. ಯಾವ ಕ್ಲಬ್ಬಾದ್ರೂ ಮಾರ್ತಿದ್ರೆ ತಿಳಿಸಿ, ನಾಣ್ಯ ತಗೊಂಡು ನಾನೇ ಬಂದು ತಟ್ಟಿ ನೋಡ್ತೀನಿ.