ಚರಾಕ್ಷರಗಳನ್ನು ನಂಬಲು ಕಲಿತದ್ದು: ಗ್ರಾಫಿಂಗ್ ಕ್ಯಾಲ್ಕುಲೇಟರಿನೊಡನೆ ನನ್ನ ಅನುಭವ

ನಕ್ಷೆಗಳನ್ನೂ ಬಿಡಿಸಬಲ್ಲ ಟಿಐ-84 ಪ್ಲಸ್ ಕ್ಯಾಲ್ಕುಲೇಟರ್ ಕೈಗೆ ಬಂದ ಮೇಲೂ ಬಹಳ ಕಾಲ ನಾನು ಅದನ್ನು ಸಾಮಾನ್ಯ ಕ್ಯಾಲ್ಕುಲೇಟರಿನಂತೆಯೇ ಬಳಸುತ್ತಿದ್ದೆ. ಒಂದು ಹಂತದ ಉತ್ತರವನ್ನು ಎರಡು ದಶಮಾಂಶ ಸ್ಥಾನಗಳಿಗೆ ಕಾಗದದಲ್ಲಿ ಬರೆದುಕೊಂಡು, ಮುಂದಿನ ಹಂತಕ್ಕೆ ಅದನ್ನೇ ಮತ್ತೆ ಒತ್ತುತ್ತಿದ್ದೆ. ಕೊನೆಯ ಉತ್ತರ ಆಗಾಗ ಕೂದಲೆಳೆಯಷ್ಟು ತಪ್ಪುತ್ತಿತ್ತು. ನಾನು ವಿಧಾನದಲ್ಲಿ ದೋಷ ಹುಡುಕುತ್ತಿದ್ದೆ, ಆದರೆ ದೋಷವಿದ್ದದ್ದು ನಾನು ನಡುವೆ ಬಿಟ್ಟ ಅಂಕಿಗಳಲ್ಲಿ.

ಈ ಯಂತ್ರದಲ್ಲಿ ಎ ಇಂದ ಝಡ್ ವರೆಗಿನ ಅಕ್ಷರಗಳು ಮತ್ತು ಥೀಟಾ ಸೇರಿ 27 ಚರಾಕ್ಷರಗಳಿವೆ, ಅಂದರೆ ಬೆಲೆಯನ್ನು ಕಾದಿಡಬಲ್ಲ ಅಕ್ಷರಗಳು. ಬೆಲೆಯನ್ನು ಒತ್ತಿ, ಸ್ಟೋ ಕೀಲಿ, ಆಲ್ಫಾ ಕೀಲಿ, ಬೇಕಾದ ಅಕ್ಷರ, ಕೊನೆಗೆ ಎಂಟರ್ ಒತ್ತಿದರೆ ಬೆಲೆ ಆ ಅಕ್ಷರದಲ್ಲಿ ಕೂರುತ್ತದೆ. ಪರದೆ ತೋರಿಸುವುದು 10 ಅಂಕಿಗಳನ್ನು. ಒಳಗೆ ಉಳಿಯುವುದು 14 ಅಂಕಿಗಳವರೆಗೆ. ಕಾಗದಕ್ಕೆ ಇಳಿಸಿದಾಗ ಕಳೆದುಹೋಗುತ್ತಿದ್ದದ್ದು ಇಲ್ಲಿ ಕಳೆಯುವುದಿಲ್ಲ.

ನಾನು ಮೊದಲು ಅಭ್ಯಾಸ ಮಾಡಿದ್ದು ವರ್ಗ ಸಮೀಕರಣಗಳ ಮೇಲೆ. 2ಎಕ್ಸ್² − 7ಎಕ್ಸ್ + 3 = 0 ಎಂಬುದನ್ನು ತೆಗೆದುಕೊಂಡು ಎ ಗೆ 2, ಬಿ ಗೆ −7, ಸಿ ಗೆ 3 ಕೊಟ್ಟೆ; ಬಿ² − 4ಎಸಿ ಎಂಬ ಶೋಧಕವನ್ನು ಡಿ ಯಲ್ಲಿ ಇರಿಸಿದೆ. ಬೆಲೆ 25, ಮೂಲಗಳು 3 ಮತ್ತು 0.5. ಇದರಲ್ಲಿ ನನಗೆ ದೊರೆತ ದೊಡ್ಡ ಲಾಭ ವೇಗವಲ್ಲ. ನೇರವಾಗಿ −7² ಎಂದು ಒತ್ತಿದರೆ ಯಂತ್ರ ಮೊದಲು ವರ್ಗ ಮಾಡಿ ಆಮೇಲೆ ಋಣ ಚಿಹ್ನೆ ಹಚ್ಚಿ −49 ಕೊಡುತ್ತದೆ; ಬಿ² ಎಂದರೆ ಆವರಣದ ಹಂಗಿಲ್ಲದೆ 49 ಬರುತ್ತದೆ. ಆದರೆ ಮೂಲಗಳನ್ನು ಕೊಡುವ (−ಬಿ ± √ಡಿ) ÷ (2ಎ) ಸೂತ್ರದ ಛೇದವನ್ನು ಮಾತ್ರ (2ಎ) ಎಂದು ಆವರಣದೊಳಗೇ ಬರೆಯಬೇಕು. ಇಲ್ಲದಿದ್ದರೆ ಯಂತ್ರ 2 ರಿಂದ ಭಾಗಿಸಿ, ಬಂದದ್ದನ್ನು ಎ ಯಿಂದ ಗುಣಿಸುತ್ತದೆ, ಆಗ 3 ರ ಬದಲು 12 ಬರುತ್ತದೆ.

ನನ್ನ ಅತಿ ಹೆಚ್ಚು ಸಮಯವನ್ನು ತಿಂದದ್ದು ಇನ್ನೊಂದು ತಪ್ಪು. ಋಣ ಸಂಖ್ಯೆಗೆಂದು ಕೆಳಸಾಲಿನಲ್ಲಿರುವ, ಆವರಣದೊಳಗೆ ಋಣ ಚಿಹ್ನೆ ಬರೆದ ಕೀಲಿಯೇ ಬೇರೆ, ಕಳೆಯುವ ಕೀಲಿಯೇ ಬೇರೆ. ಎ ಗೆ 2 ಕೊಟ್ಟ ಕೂಡಲೇ, ಬಿ ಗೆ −7 ಕೊಡಲು ನಾನು ಕಳೆಯುವ ಕೀಲಿಯನ್ನು ಒತ್ತಿದೆ. ಸಾಲಿನ ಆರಂಭದಲ್ಲಿ ಅದನ್ನು ಒತ್ತಿದರೆ ಯಂತ್ರ ಹಿಂದಿನ ಉತ್ತರದಿಂದ ಕಳೆಯಬೇಕೆಂದು ತಿಳಿಯುತ್ತದೆ. ಹಾಗಾಗಿ ಬಿ ಯಲ್ಲಿ 2 − 7, ಅಂದರೆ −5 ಕೂತಿತು. ಆಗ ಶೋಧಕ 1, ಮೂಲಗಳು 1.5 ಮತ್ತು 1. ಎಷ್ಟು ನಂಬುವಂತಹ ಅಂಕಿಗಳು! ದೋಷದ ಸೂಚನೆ ಯಾವುದೂ ಬರಲಿಲ್ಲ. ಮೂಲ ಸಮೀಕರಣದಲ್ಲಿ 1 ನ್ನು ಆದೇಶಿಸಿ ನೋಡಿದಾಗ ಸೊನ್ನೆಯ ಬದಲು −2 ಬಂದಿತು, ಆಗಲೇ ಸಂಗತಿ ತಿಳಿದದ್ದು. ಅಂದಿನಿಂದ ಬೆಲೆ ಕೊಟ್ಟ ಪ್ರತಿ ಸಾಲಿನ ಬಲಗಡೆ ಮೂಡುವ ಸಂಖ್ಯೆಯನ್ನು ಓದದೆ ಮುಂದಕ್ಕೆ ಹೋಗುವುದಿಲ್ಲ.

ಎಕ್ಸ್ ಅಕ್ಷರದಲ್ಲಿ ನಾನು ಬೆಲೆಯನ್ನು ಕಾದಿಡುವುದಿಲ್ಲ, ಏಕೆಂದರೆ ನಕ್ಷೆಯ ಮೇಲೆ ಟ್ರೇಸ್ ಮಾಡಿದಾಗ, ಅಂದರೆ ಗೆರೆಗುಂಟ ಕರ್ಸರನ್ನು ಸರಿಸಿದಾಗ, ಕರ್ಸರಿನ ಸ್ಥಾನ ಅದರೊಳಗೆ ಬಂದು ಕೂತು ಹಳೆಯ ಬೆಲೆ ಅಳಿಯುತ್ತದೆ. ಇದೇ ಗುಣ ಉಪಕಾರಕ್ಕೂ ಬರುತ್ತದೆ. ರೇಡಿಯನ್ ಕ್ರಮದಲ್ಲಿ ವೈ = ಎಕ್ಸ್ ಮತ್ತು ವೈ = ಕಾಸ್ ಎಕ್ಸ್ ನಕ್ಷೆಗಳ ಛೇದನ ಬಿಂದುವನ್ನು ಕಂಡುಹಿಡಿದ ಮೇಲೆ ಹೋಮ್ ಪರದೆಗೆ ಬಂದು ಎಕ್ಸ್ ಒತ್ತಿದರೆ 0.7390851332 ಸಿಗುತ್ತದೆ, ಅದನ್ನು ತಕ್ಷಣ ಬೇರೊಂದು ಅಕ್ಷರಕ್ಕೆ ಸಾಗಿಸಿಬಿಡುತ್ತೇನೆ.

ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಚರಾಕ್ಷರವನ್ನು ತನ್ನ ಮೇಲೆಯೇ ಪ್ರಯೋಗಿಸುವುದು. ಎ ಗೆ 1 ಕೊಟ್ಟು, (ಎ + 2 ÷ ಎ) ÷ 2 ಎಂಬುದನ್ನು ಮತ್ತೆ ಎ ಯಲ್ಲೇ ಇರಿಸುವ ಸಾಲನ್ನು ಬರೆದು ಎಂಟರ್ ಒತ್ತುತ್ತಾ ಹೋದೆ: 1.5, 1.416666667, 1.414215686, 1.414213562. ನಾಲ್ಕೇ ಒತ್ತಿಗೆ 2 ರ ವರ್ಗಮೂಲ ಕಣ್ಣೆದುರು ಬಂದು ನಿಂತಿತು. ಒಂದು ಅಂದಾಜಿನಿಂದ ಇನ್ನೂ ಹತ್ತಿರದ ಅಂದಾಜಿಗೆ ಸಾಗುವ, ಪುಸ್ತಕದಲ್ಲಿ ಹಲವು ಸಲ ಓದಿದ್ದ ನ್ಯೂಟನ್ ವಿಧಾನ ನನಗೆ ನಿಜವಾಗಿ ಅರ್ಥವಾದದ್ದು ಆಗ.

ಒಂದು ಎಚ್ಚರಿಕೆ ಹೇಳಲೇಬೇಕು. ಎ + 1 ನ್ನು ಬಿ ಯಲ್ಲಿ ಇರಿಸಿದರೆ ಅಲ್ಲಿ ಉಳಿಯುವುದು ಆ ಕ್ಷಣದ ಬೆಲೆಯೇ ಹೊರತು ಸೂತ್ರವಲ್ಲ. ಎ ಬದಲಾದರೂ ಬಿ ಬದಲಾಗದು. ಸಂಬಂಧವೇ ಉಳಿಯಬೇಕಾದರೆ ಎಎಕ್ಸ್² + ಬಿಎಕ್ಸ್ + ಸಿ ಎಂಬುದನ್ನು ನಕ್ಷೆಯ ಸೂತ್ರ ಬರೆಯುವ ಜಾಗವಾದ ವೈ1 ರಲ್ಲಿ ಬರೆಯುತ್ತೇನೆ. ಎ ಯನ್ನು ಬದಲಿಸಿ ಮತ್ತೆ ನಕ್ಷೆ ತೆರೆದರೆ ಪರವಲಯ ಅಗಲವಾಗುವುದನ್ನೂ ಕಿರಿದಾಗುವುದನ್ನೂ ನೋಡಬಹುದು, ವೈ1(3) ಎಂದು ಕೇಳಿ ಮೂಲವನ್ನು ತಾಳೆಯೂ ನೋಡಬಹುದು. ಯಂತ್ರವನ್ನು ಆಫ್ ಮಾಡಿದರೂ ಈ ಬೆಲೆಗಳು ಉಳಿಯುತ್ತವೆಯಾದ್ದರಿಂದ, ಹೊಸ ಲೆಕ್ಕ ಹಿಡಿಯುವಾಗ ಬಳಸಲಿರುವ ಪ್ರತಿ ಅಕ್ಷರಕ್ಕೂ ಹೊಸದಾಗಿ ಬೆಲೆ ಕೊಟ್ಟು, ಯಾವುದರಲ್ಲಿ ಏನಿದೆ ಎಂದು ಕಾಗದದ ಅಂಚಿನಲ್ಲಿ ಬರೆದುಕೊಂಡೇ ಆರಂಭಿಸುತ್ತೇನೆ.